ನಲವತ್ತೊಂದು ಹುಡುಗಿಯರ ವರ್ಷದ ಪುಸ್ತಕ

ಹಲಬರ್ಗಾದ ಧೊಂಡಿಬಾನಿಗೆ ನೂರಿಪ್ಪತ್ತು ಕುರಿಗಳು, ಒಬ್ಬಳೇ ಮಗಳು. ಹೆಸರು ಪುತಳಾಬಾಯಿ. ಹಳ್ಳದ ದಂಡೆಯ ಮೇಲೆ ನಿಂತು ಆಕೆ ಒಂದು ಸಲ ಕೂಗಿದರೆ ಇಡೀ ಹಿಂಡು ತಲೆ ಎತ್ತುತ್ತಿತ್ತು. ಪಾಠ ಓದುವುದೂ ಅದೇ ದನಿಯಲ್ಲಿ. ನಿಜಾಮರ ಕಾಲದಲ್ಲಿ ಭಾಲ್ಕಿಯ ಶಾಲೆಯಲ್ಲಿ ಆಕೆ ಮೊದಲು ಕಲಿತದ್ದು ಉರ್ದು ಅಕ್ಷರ. ೧೯೪೮ರಲ್ಲಿ, ನಿಜಾಮರ ರಾಜ್ಯ ಭಾರತಕ್ಕೆ ಸೇರಿದ ಪೊಲೀಸ್ ಕಾರ್ಯಾಚರಣೆಯ ವರ್ಷ, ಶಾಲೆ ಮುಚ್ಚಿತು. ತಿಂಗಳುಗಳ ಮೇಲೆ ಮತ್ತೆ ತೆರೆದಾಗ ಕರಿಹಲಗೆಯ ಮೇಲೆ ಕನ್ನಡ ಬಂದಿತ್ತು. ವಾರಿಗೆಯ ಹುಡುಗಿಯರು ಎಷ್ಟೋ ಜನ ಓದು ಬಿಟ್ಟು ಮನೆಯಲ್ಲಿ ಕುಳಿತರು. ಪುತಳಾಬಾಯಿ ಮಾತ್ರ, “ಬಲದಿಂದ ಎಡಕ್ಕ ಬರದಾಕಿಗೆ ಎಡದಿಂದ ಬಲಕ್ಕ ಬರಿಯೂದು ಏನ ದೊಡ್ಡದು?” ಎಂದು ಹೊಸದಾಗಿ ಅ ಆ ತಿದ್ದಿದಳು.

ಹೈಸ್ಕೂಲಿಗೆಂದು ಬೀದರಿಗೆ ಬಂದು ಚಿದ್ರಿಯಲ್ಲಿದ್ದ ಸೋದರತ್ತೆ ಅಂಜನಾಬಾಯಿಯ ಮನೆಯಲ್ಲಿ ಉಳಿದಳು. ಹೆಣ್ಣುಮಕ್ಕಳ ಆ ಶಾಲೆಯಲ್ಲಿ ಎಲ್ಲ ತರಗತಿ ಸೇರಿ ಇದ್ದವರು ನಲವತ್ತೊಂದು ಹುಡುಗಿಯರು. ೧೯೫೧ರ ಮಳೆಗಾಲದಲ್ಲಿ ಮುಖ್ಯೋಪಾಧ್ಯಾಯಿನಿ ಸುಮಿತ್ರಾಬಾಯಿಯವರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿ, “ದೇಶಕ್ಕ ಚುನಾವಣಿ ಬರ್ಲಿಕತ್ತದ. ಅದಕ್ಕೂ ಮೊದ್ಲ ನಾವು ಮಾಡಿ ನೋಡೂಣು. ವಿದ್ಯಾರ್ಥಿನಿ ಸಂಘಕ್ಕ ಒಬ್ಬ ಅಧ್ಯಕ್ಷಿ ಬೇಕು” ಎಂದರು.

ಭಾಲ್ಕಿಯ ಬಟ್ಟೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಮಗಳು ಅನುಸೂಯಾಬಾಯಿ ನಿಂತಳು. ಗುರುತು ಗುಲಾಬಿ. ಎದುರಿಗೆ ಪುತಳಾಬಾಯಿ ನಿಂತಳು. ಗುರುತು ಕುರಿ. ಬಿಸ್ಕತ್ತಿನ ಎರಡು ಡಬ್ಬಿಗಳಿಗೆ ಚಿತ್ರ ಅಂಟಿಸಿ ಮೇಜಿನ ಮೇಲಿಟ್ಟಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪುತಳಾಬಾಯಿಯೂ ನಕ್ಕಳು. “ನಗ್ರಿ, ಆದ್ರ ನಕ್ಕ ಮ್ಯಾಗ ಚೀಟಿ ಅದ್ರಾಗ ಹಾಕ್ರಿ” ಎಂದಳು. ಕುರಿಗೆ ಇಪ್ಪತ್ತಾರು ಚೀಟಿ ಬಿದ್ದವು, ಗುಲಾಬಿಗೆ ಹದಿನೈದು.

ಮಾರನೆಯ ದಿನವೇ ಆಕೆ ಸೋತವಳ ಹತ್ತಿರ ಹೋದಳು. “ಅನುಸೂಯಾ, ಈ ಸಲ ನಮ್ಮ ಸಾಲಿದು ಒಂದು ವರ್ಷದ ಪುಸ್ತಕ ಆಗ್ಬೇಕು. ಕೈಲೇ ಬರದದ್ದು. ನನಗ ಮಾತಾಡ್ಲಿಕ್ಕೆ ಬರ್ತದ, ನಿನಗ ಬರಿಲಿಕ್ಕೆ ಬರ್ತದ. ಸಂಪಾದಕಿ ನೀನಽ ಆಗು.”

ಮುಖ ಗಂಟಿಕ್ಕಿಕೊಂಡಿದ್ದ ಅನುಸೂಯಾಬಾಯಿಗೆ ಇಲ್ಲ ಅನ್ನಲು ಆಗಲಿಲ್ಲ.

ಐದು ಜನರ ಮಂಡಳಿ ಆಯಿತು. ಲೇಖನ, ಕಸೂತಿಯ ನಕಾಶೆ, ಅಡಿಗೆಯ ವಿಧಾನ, ಅಜ್ಜಿಯರಿಂದ ಕೇಳಿ ಬರೆದ ಒಗಟು, ಎಲ್ಲವೂ ಬಂದು ಬಿದ್ದವು. ಅಂದವಾಗಿ ನಕಲು ಮಾಡುವ ಕೆಲಸ ಆಬೇದಾ ಎಂಬ ಹುಡುಗಿಯದು. ಬಿದಿರಿನ ಲೇಖನಿ ಹಿಡಿದರೆ ಆಕೆಯ ಕೈಯಲ್ಲಿ ಉರ್ದು ಬಳ್ಳಿಯಂತೆ ಹಬ್ಬುತ್ತಿತ್ತು, ಕನ್ನಡವೂ ಮುತ್ತು ಪೋಣಿಸಿದ ಹಾಗೆ ಬೀಳುತ್ತಿತ್ತು. ಆಕೆಯ ಊರು ಔರಾದ. ನಲವತ್ತೆಂಟರ ಗದ್ದಲದಲ್ಲಿ ಮನೆ ಸುಟ್ಟಿತ್ತು, ಹೊರಗೆ ಹೋದ ತಂದೆ ತಿರುಗಿ ಬಂದಿರಲಿಲ್ಲ. ತಾಯಿ ಮರಿಯಮಬೀ ಬೀದರಿನಲ್ಲಿ ಬಟ್ಟೆ ಹೊಲಿದು ಮಗಳನ್ನು ಓದಿಸುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಅನುಸೂಯಾಬಾಯಿ ಒಂದು ಸುದ್ದಿ ತಂದಳು. ಆಕೆಯ ತಂದೆ ಫೋಟೋ ತೆಗೆಯುವವರನ್ನು ಕರೆಸುತ್ತಾರೆ. ಪುಸ್ತಕದಲ್ಲಿ ಪ್ರತಿಯೊಬ್ಬ ಹುಡುಗಿಯ ಚಿತ್ರ, ಅದರ ಕೆಳಗೆ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿತ್ರವಿಲ್ಲದವರ ಹೆಸರೂ ಇರುವುದಿಲ್ಲ ಎಂದು ಯಾರೋ ಮಾತಿಗೆ ಮಾತು ಸೇರಿಸಿದರು. ಮರುದಿನದಿಂದ ಆಬೇದಾ ಶಾಲೆಗೆ ಬರಲಿಲ್ಲ. ಇನ್ನೂ ಆರು ಮನೆಗಳಿಂದ ಫೋಟೋ ಬೇಡವೆಂದು ಹೇಳಿಕಳಿಸಿದರು.

ಮೂರು ದಿನ ಕಾದು, ನಾಲ್ಕನೆಯ ಸಂಜೆ ಪುತಳಾಬಾಯಿ ಆಬೇದಾಳ ಮನೆಗೆ ಹೋದಳು. ಮರಿಯಮಬೀ ಹೊಲಿಗೆ ಬದಿಗಿಟ್ಟು ಚಾಪೆ ಹಾಸಿದಳು.

“ಖಾಲಾ, ಆಬೇದಾಗ ಯಾಕ ಸಾಲಿ ಬಿಡಿಸೀರಿ?”

“ನಾ ಬಿಡಿಸಿಲ್ಲ ಬೇಟಿ. ಫೋಟೋ ಬ್ಯಾಡಂದೆ, ಅಷ್ಟೇ. ಆಕಿ ಅಬ್ಬಾಂದು ಒಂದಽ ಫೋಟೋ ಇತ್ತು. ಮನಿ ಜೋಡಿ ಅದೂ ಸುಟ್ಟು ಹೋತು. ಆವತ್ತಿಂದ ಫೋಟೋ ಅಂದ್ರ ನನ್ನ ಜೀವ ತಡಿಯಲ್ಲ.”

ಬಾಗಿಲ ಸಂದಿಯಲ್ಲಿ ನಿಂತಿದ್ದ ಆಬೇದಾ ನಡುವೆ ಬಾಯಿ ಹಾಕಿದಳು. “ನಾಕನೂರು ಸಾಲು ನಾನಽ ಬರದೇನಿ, ಪುತಳಾ. ಅದ್ರಾಗ ನನ್ನ ಹೆಸರಽ ಇರಲ್ಲ ಅಂದ್ರ ಹ್ಯಾಂಗ ಬರ್ಲಿ ನಾ?”

ಪುತಳಾಬಾಯಿಗೆ ತಾನು ಅಂದು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದು ನೆನಪಾಗಿ ಮುಖ ಬಿಸಿಯಾಯಿತು. ಆದರೆ ಎದ್ದು ನಿಲ್ಲುವ ಹೊತ್ತಿಗೆ ಆಕೆಯ ಮನಸ್ಸು ಗಟ್ಟಿಯಾಗಿತ್ತು. “ನಾಳೆ ಬಾ. ನಿನ್ನ ಹೆಸರು ಹ್ಯಾಂಗ ಇರಲ್ಲ ನೋಡ್ತೇನಿ” ಎಂದಳು.

ಮರುದಿನ ಮಂಡಳಿ ಕೂಡಿತು. “ಫೋಟೋ ಬ್ಯಾಡ. ಪ್ರತಿಯೊಬ್ಬಾಕಿ ತನ್ನ ಹೆಸರು ತಾನಽ, ತನಗ ಬೇಕಾದ ಅಕ್ಷರದಾಗ ಬರೀಲಿ. ಕನ್ನಡ, ಉರ್ದು, ಮರಾಠಿ, ತೆಲುಗು, ಯಾವುದಾದ್ರೂ ಆಗ್ಲಿ” ಎಂದಳು ಪುತಳಾಬಾಯಿ.

ಅನುಸೂಯಾಬಾಯಿ ಸಿಡಿದೆದ್ದಳು. “ನಮ್ಮ ಅಪ್ಪಾರು ಮಾತು ಕೊಟ್ಟಾರ! ಫೋಟೋ ಬಿಟ್ಟು ಬರೇ ಹೆಸರು ಯಾರು ನೋಡ್ತಾರ?”

“ಬರದಾಕಿ ನೋಡ್ತಾಳ. ಆಕಿ ಅವ್ವ ನೋಡ್ತಾಳ. ಮಾರಿ ಫೋಟೋ ಹಾಕಿದ್ರ ಮೂವತ್ನಾಕು ಮಂದಿ ಆಗ್ತೇವಿ, ಹೆಸರು ಹಾಕಿದ್ರ ನಲವತ್ತೊಂದು. ನನಗ ಚೀಟಿ ಹಾಕಿದವರು ಹಾಕದವರು ಎಲ್ಲಾರೂ ಸೇರಿ ನಲವತ್ತೊಂದು ಇದ್ದಾರ. ಒಂದೂ ಕಮ್ಮಿ ಆಗಾಂಗಿಲ್ಲ.”

ಕೈ ಎತ್ತಿಸಿದರು. ಮೂರು ಪರ, ಎರಡು ವಿರೋಧ. ಅನುಸೂಯಾಬಾಯಿ ಕಾಗದದ ಕಟ್ಟನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋದಳು. ಎರಡು ವಾರ ಆಕೆ ಮಂಡಳಿಯ ಕಡೆ ತಲೆ ಹಾಕಲಿಲ್ಲ. ಪುತಳಾಬಾಯಿ ಬೇರೆ ಸಂಪಾದಕಿಯನ್ನು ಹುಡುಕಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ. ಬಂದ ಬರಹಗಳನ್ನೆಲ್ಲ ತಿದ್ದಲೆಂದು ಅನುಸೂಯಾಬಾಯಿಯ ಡೆಸ್ಕಿನ ಮೇಲೆ ಇಟ್ಟು ಬರುತ್ತಿದ್ದಳು. ಹದಿನೈದನೆಯ ದಿನ ಒಂದು ಲೇಖನ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿತು. “ಇದ್ರಾಗ ಅರ್ಧಕ್ಕರ್ಧ ಒತ್ತಕ್ಷರ ತಪ್ಪು” ಎಂದಳು ಅನುಸೂಯಾಬಾಯಿ.

“ಅದಕ್ಕಽ ನೀ ಬೇಕು” ಎಂದಳು ಪುತಳಾಬಾಯಿ.

ಜನವರಿಯಲ್ಲಿ ಶಾಲೆಯ ಕೋಣೆಗಳನ್ನು ಮತದಾನಕ್ಕೆ ತೆಗೆದುಕೊಂಡರು. ಹುಡುಗಿಯರು ಹಾಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಿದ್ರಿಗೆ ಒಯ್ದರು. ಅಂಜನಾಬಾಯಿಯ ಪಡಸಾಲೆಯೇ ಕಚೇರಿಯಾಯಿತು. ಜೋಳ ಬೀಸುತ್ತಿದ್ದ ಅತ್ತೆ, “ಹಿಟ್ಟು ಹಾರ್ತದ, ಆಚಿ ಸರೀರಿ” ಎಂದು ಗದರಿಸುತ್ತಲೇ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ ಹಾಕುತ್ತಿದ್ದಳು. ಕೊನೆಗೆ ಪುಸ್ತಕದ ಬೆನ್ನು ಹೊಲಿಯಲು ಯಾರನ್ನು ಕೇಳುವುದೆಂದು ಮಾತು ಬಂದಾಗ ಆಬೇದಾ, “ಅಮ್ಮಿ ಹೊಲೀತಾಳ” ಎಂದಳು. ಮರಿಯಮಬೀ ಮೇಣ ಸವರಿದ ದಾರದಲ್ಲಿ ತೊಂಬತ್ತಾರು ಪುಟಗಳನ್ನು ಹೊಲಿದು, ಹಸಿರು ಬಟ್ಟೆಯ ಹೊದಿಕೆ ಹಾಕಿ ಕೊಟ್ಟಳು.

ಮಾರ್ಚಿ ತಿಂಗಳ ವಾರ್ಷಿಕ ಸಮಾರಂಭಕ್ಕೆ ಮನೆಯವರೆಲ್ಲ ಬಂದರು. ಧೊಂಡಿಬಾ ಹಲಬರ್ಗಾದಿಂದ ರೈಲು ಹತ್ತಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದ. ಮೇಜಿನ ಮೇಲೆ ಹೆಸರುಗಳ ಪುಟ ತೆರೆದಿತ್ತು. “ನಿಂದು ಯಾವುದವ್ವ?” ಎಂದು ಕೇಳಿದ. ಆಕೆ ತೋರಿಸಿದಳು. ಶಾಯಿ ಕೆಟ್ಟೀತೆಂದು ಹೆದರಿ ಅವನು ಅಕ್ಷರದ ಮೇಲೆ ಬೆರಳಿಡದೆ ಅಂಚಿನಲ್ಲಿಟ್ಟ. ಪಕ್ಕದಲ್ಲಿ ಆಬೇದಾ ತನ್ನ ಹೆಸರಿನ ಜೊತೆ ತಂದೆ ಖಾಜಾ ಮಿಯಾನ ಹೆಸರನ್ನೂ, ಔರಾದ ಎಂಬ ಊರನ್ನೂ ಬರೆದಿದ್ದಳು. ಮರಿಯಮಬೀಗೆ ಓದು ಬರುತ್ತಿತ್ತು. ಒಂದು ಸಲ ಓದಿದಳು. ಆಮೇಲೆ ಗಟ್ಟಿಯಾಗಿ, ಹತ್ತಿರ ನಿಂತವರಿಗೆಲ್ಲ ಕೇಳುವಂತೆ ಓದಿದಳು. ಕಣ್ಣು ಒರೆಸಿಕೊಳ್ಳಲಿಲ್ಲ. ಮಲ್ಲಿಕಾರ್ಜುನಪ್ಪನವರು ಮಗಳ ಕಡೆ ತಿರುಗಿ, “ಫೋಟೋಕ್ಕಿಂತ ಇದಽ ಛಲೋ ಆತು ನೋಡವ್ವ” ಎಂದರು. ಅನುಸೂಯಾಬಾಯಿ, “ಸಂಪಾದಕಿ ನಾನಽ ಅಲ್ರಿ ಮತ್ತ?” ಎಂದಳು.

ಆಬೇದಾ ಮುಂದೆ ಹೈದರಾಬಾದಿನ ಒಂದು ಛಾಪಖಾನೆಗೆ ಮನೆಯಿಂದಲೇ ಅಚ್ಚಿನ ಉರ್ದು ಪುಟಗಳನ್ನು ಕೈಯಿಂದ ಬರೆದುಕೊಡುವವಳಾದಳು. ಪುತಳಾಬಾಯಿ ಮೆಟ್ರಿಕ್ ಮುಗಿಸಿ ಮಾಸ್ತರಿಕೆ ಹಿಡಿದಳು. ಯಾವ ಊರು ಬೇಕೆಂದು ಶಿಕ್ಷಣ ಖಾತೆಯ ಸಾಹೇಬರು ಕೇಳಿದಾಗ ಔರಾದ ಎಂದಳು.

“ಅಲ್ಲಿ ಹುಡುಗ್ಯಾರು ಸಾಲಿಗೆ ಬರಲ್ಲಮ್ಮ” ಎಂದರು ಅವರು.

“ಬರ್ತಾರ್ರಿ. ಕರೀಬೇಕಷ್ಟೇ.”

ಮೊದಲ ವಾರ ಬಂದವರು ಒಂಬತ್ತು ಮಂದಿ. ಆಕೆ ಮನೆಮನೆಯ ಅಂಗಳದಲ್ಲಿ ಕುಳಿತು ಮಾತಾಡಿದಳು, ಕನ್ನಡದಲ್ಲಿ, ದಖನಿಯಲ್ಲಿ, ಮರಾಠಿಯಲ್ಲಿ. ಸಂಕ್ರಾಂತಿಯ ಹೊತ್ತಿಗೆ ಚಾಪೆ ಸಾಲದೆ ಹುಡುಗಿಯರು ಹೊರಗಿನ ಕಟ್ಟೆಯ ಮೇಲೂ ಕುಳಿತಿದ್ದರು.