ಗೆರೆ ಮೇಷ್ಟ್ರ ಉಗುರುಬಣ್ಣ

ಉಗುರುಬಣ್ಣದ ಅಂಗಡಿಯಲ್ಲಿ ನನ್ನ ಭಾವನಿಗೆ ಬಹಳ ಒಳ್ಳೆಯ ಹೆಸರಿದೆ. ಹೆಂಡತಿಗಾಗಿ ಇಷ್ಟು ಬಗೆಯ ಬಣ್ಣ ಕೊಂಡೊಯ್ಯುವ ಗಂಡಸನ್ನು ತಾನು ಕಂಡೇ ಇಲ್ಲ ಎಂದು ಅಂಗಡಿಯಾಕೆ ಒಮ್ಮೆ ನನ್ನ ಅಕ್ಕನ ಎದುರಿಗೇ ಹೊಗಳಿದಳಂತೆ. ಅಕ್ಕ ಹತ್ತೂ ಬೆರಳು ಚಾಚಿ ತೋರಿಸಿದಳು. ಒಂದು ಉಗುರಿಗೂ ಬಣ್ಣವಿರಲಿಲ್ಲ.

"ಎಲ್ಲಾ ಆ ಕಾರಿಗೇ ಹಚ್ತಾರೆ ಕಣ್ರೀ. ನನಗೆಲ್ಲಿ ಉಳಿಯುತ್ತೆ?"

ಭಾವ ಲಿಫ್ಟ್ ರಿಪೇರಿ ಮಾಡುವವರು. ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಮನೆ, ಆಫೀಸು, ಆಸ್ಪತ್ರೆಗಳ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಾಡಿಸಿ, ತಾವು ಮಾತ್ರ ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆಸಿಕೊಂಡವರು. ಸಂಜೆ ಮತ್ತು ಭಾನುವಾರಗಳಲ್ಲಿ ಅವರ ಎರಡನೆಯ ಕೆಲಸ ಶುರುವಾಗುತ್ತದೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಸಣ್ಣ ಕಾರಿದೆ. ಒಳಗಿನ ಸೀಟುಗಳನ್ನೆಲ್ಲ ಕಿತ್ತು ಒಂದೇ ಒಂದನ್ನು ಉಳಿಸಿದ್ದಾರೆ. ಅದರಲ್ಲಿ ಕೂತು ರೇಸಿಗೆ ಓಡಿಸುವವನು ನಾನು, ಕನ್ನಡಕದ ಅಂಗಡಿಯವನು. ಅದು ಓಡುವಂತೆ ಮಾಡುವವರು ಅವರು. ಚಪ್ಪಾಳೆ ಬಿದ್ದರೆ ನನಗೆ, ಗ್ರೀಸು ಮೆತ್ತಿದರೆ ಅವರಿಗೆ.

ನಮ್ಮ ಕ್ಲಬ್ಬಿನಲ್ಲಿ ದೊಡ್ಡವರು ಯಾರೂ ಇಲ್ಲ. ಒಬ್ಬ ಬೇಕರಿಯವನು, ಒಬ್ಬಳು ಹಲ್ಲಿನ ಡಾಕ್ಟರು, ಇಬ್ಬರು ಪೇಂಟರುಗಳು, ಹೀಗೆ ವಾರವಿಡೀ ಬೇರೆ ಕೆಲಸ ಮಾಡಿ ರಜೆಯಲ್ಲಿ ಹುಚ್ಚು ತೀರಿಸಿಕೊಳ್ಳುವ ಮಂದಿ. ವರ್ಷಕ್ಕೆ ಆರು ರೇಸು. ಆರರಲ್ಲೂ ಗೆರೆಯ ಬಳಿ ನಿಂತು ಹೊರಟ ಕಾರಿಗೆ ಕೊನೆಯಲ್ಲಿ ಒಂದು ತಗಡಿನ ಬಿಲ್ಲೆ ಕೊಡುತ್ತಾರೆ. ಅದರ ಮೇಲೆ "ಆರಕ್ಕೆ ಆರು" ಎಂದು ಕೊರೆದಿರುತ್ತದೆ. ಗೆಲ್ಲಬೇಕಾಗಿಲ್ಲ, ಹೊರಟರೆ ಸಾಕು. ಒಂಬತ್ತು ವರ್ಷಗಳಿಂದ ನಮಗೆ ಅದು ದಕ್ಕಿಲ್ಲ. ಒಂದು ಸಲ ಗೇರ್ ಬಾಕ್ಸ್ ಕೈಕೊಟ್ಟಿತು, ಒಂದು ಸಲ ಭಾವನಿಗೆ ಜ್ವರ, ಉಳಿದ ಸಲ ಕೈಕೊಟ್ಟವನು ನಾನೇ. ಗೆಲುವಿನ ಕಪ್, ಹಾರ ಯಾವುದಕ್ಕೂ ಆಸೆಪಡದ ಮನುಷ್ಯ ಆ ಬಿಲ್ಲೆಗಾಗಿ ಶೆಡ್ಡಿನ ಗೋಡೆಗೆ ಮೊದಲೇ ಒಂದು ಮೊಳೆ ಹೊಡೆದಿಟ್ಟಿದ್ದರು. ಒಂಬತ್ತು ವರ್ಷದಿಂದ ಆ ಮೊಳೆಗೆ ಅಕ್ಕ ಒರೆಸುವ ಬಟ್ಟೆ ನೇತುಹಾಕುತ್ತಾಳೆ.

ಇನ್ನು ಉಗುರುಬಣ್ಣದ ವಿಷಯ. ಆ ಕಾರಿನಲ್ಲಿ ಸಡಿಲವಾದರೆ ಜೀವಕ್ಕೇ ಕುತ್ತು ತರುವ ಬೋಲ್ಟುಗಳು ಐವತ್ತೇಳಿವೆ. ಬ್ರೇಕಿನವು, ಸ್ಟಿಯರಿಂಗಿನವು, ಚಕ್ರದ ಹಿಂದಿನ ತೋಳು ಹಿಡಿದಿರುವವು. ಪ್ರತಿ ರೇಸಿಗೂ ಮುಂಚೆ ಭಾವ ಒಂದೊಂದನ್ನೂ ಅಳತೆಯ ಸ್ಪ್ಯಾನರಿನಿಂದ ಬಿಗಿಯುತ್ತಾರೆ. ಸಾಕಷ್ಟು ಬಿಗಿಯಾದಾಗ ಅದು ಟಕ್ ಎನ್ನುತ್ತದೆ. ಟಕ್ ಎಂದ ಮೇಲೆ ಬೋಲ್ಟಿನ ತಲೆಯಿಂದ ಅದು ಕೂತಿರುವ ಕಬ್ಬಿಣದವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ. ಆಮೇಲೆ ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಟಾರ್ಚು ಹಿಡಿದು ಒಂದು ಸುತ್ತು ಬಂದರೆ ಎಲ್ಲ ಗೊತ್ತಾಗುತ್ತದೆ. ಹಳೆಯ ಗೆರೆಯೊಂದಿಗೆ ಬೆರೆಯಬಾರದೆಂದು ರೇಸಿಗೊಂದು ಹೊಸ ಬಣ್ಣ. ಗೆರೆ ಬಿದ್ದ ಬೋಲ್ಟನ್ನು ಮತ್ತೆ ಯಾರೂ ಸ್ಪ್ಯಾನರಿನಿಂದ ಮುಟ್ಟುವ ಹಾಗಿಲ್ಲ, ನಾನೂ ಕೂಡ. "ಗೆರೆ ಬಿತ್ತು ಅಂದ್ರೆ ಮಾತು ಮುಗೀತು" ಎನ್ನುತ್ತಾರೆ. ಟ್ರ್ಯಾಕಿನಲ್ಲಿ ಅವರನ್ನು ಎಲ್ಲರೂ ಕರೆಯುವುದೇ ಗೆರೆ ಮೇಷ್ಟ್ರು ಎಂದು.

ಈ ವರ್ಷ ಐದು ರೇಸುಗಳಲ್ಲಿ ಹೊರಟಿದ್ದೆವು. ಐದಕ್ಕೆ ಐದು. ಆದರೆ ಐದನೆಯದರಲ್ಲಿ ನನ್ನ ಮೂಗಿನ ತುದಿಯ ಕೋಪ ಕೆಲಸ ಕೆಡಿಸಿತು. ಬೇಕರಿಯವನು ಎರಡು ಸಲ ನನಗೆ ಅಡ್ಡ ಬಂದ. ಮೂರನೆಯ ಸಲ ನಾನು ಬಿಡಲಿಲ್ಲ. ಹಲ್ಲು ಕಚ್ಚಿ, ಬ್ರೇಕು ಒತ್ತಬೇಕಾದಲ್ಲಿ ಒತ್ತದೆ, ತಿರುವು ಬಿಟ್ಟು ನೇರವಾಗಿ ಟೈರುಗಳ ಗುಡ್ಡೆಗೆ ಹೋಗಿ ಗುದ್ದಿದೆ. ಭಾವ ಏದುಸಿರು ಬಿಡುತ್ತ ಓಡಿ ಬಂದರು. ನನ್ನ ಕೈಕಾಲು ಮುಟ್ಟಿ ನೋಡಿದರು. ಆಮೇಲೆ ಒಳಕ್ಕೆ ಮಡಚಿಕೊಂಡಿದ್ದ ಎಡಗಡೆಯ ಮುಂದಿನ ಚಕ್ರ ನೋಡಿದರು.

"ಊರಿಗೆಲ್ಲ ಕನ್ನಡಕ ಮಾರ್ತೀಯ. ಎದುರಿಗಿರೋ ತಿರುವು ಕಾಣಲಿಲ್ವೇನೋ?"

ಅಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ಕೊನೆಯ ರೇಸಿಗೆ ಮೂರು ವಾರವಿತ್ತು. ಅದೇ ಹೊತ್ತಿಗೆ ಭಾವನ ಜೊತೆ ಕೆಲಸ ಮಾಡುವವನು ಕಾಲು ಮುರಿದುಕೊಂಡು ಮಲಗಿದ್ದ. ಇಬ್ಬರ ಲಿಫ್ಟುಗಳೂ ಇವರ ತಲೆಗೇ ಬಂದವು. ಬೆಳಿಗ್ಗೆ ಹೋದವರು ಸಂಜೆ ಬಂದು, ಬೂಟು ಕೂಡ ಬಿಚ್ಚದೆ ಶೆಡ್ಡಿಗೆ ನಡೆಯುತ್ತಿದ್ದರು. ಸೊಟ್ಟಗಾದ ಭಾಗಗಳನ್ನು ಬಿಚ್ಚಿದ್ದೇ ಒಂದು ವಾರ. ಗುಜರಿಯಲ್ಲಿ ಹುಡುಕಿ ತಂದ ಭಾಗ ಕೂರದೆ, ಉಜ್ಜಿ ಉಜ್ಜಿ ಕೂರಿಸಿದ್ದು ಇನ್ನೊಂದು ವಾರ. ಪಕ್ಕದ ಬಡಗಿಯ ಮರದ ಪುಡಿ ಗೋಡೆಯ ಸಂದಿನಿಂದ ಬಂದು ಗ್ರೀಸಿನ ಮೇಲೆ ಕೂರುತ್ತಿತ್ತು. ಅದನ್ನು ಒರೆಸುವುದು ದಿನಾ ಮೊದಲ ಕೆಲಸ.

ಒಂದು ಸಂಜೆ ಬ್ರೇಕಿನ ಪೈಪುಗಳೊಳಗಿನ ಗಾಳಿ ತೆಗೆಯುತ್ತಿದ್ದೆವು. ಅದರಲ್ಲಿ ಮೂರೇ ಮಾತು. ಅವರು ಕೆಳಗಿನಿಂದ "ಒತ್ತು" ಎಂದರೆ ನಾನು ಪೆಡಲ್ ಒತ್ತಬೇಕು, "ಹಿಡಿ" ಎಂದರೆ ಹಿಡಿದಿರಬೇಕು, "ಬಿಡು" ಎಂದರೆ ಬಿಡಬೇಕು. ಒತ್ತಿದೆ. ಹಿಡಿದೆ. "ಬಿಡು" ಬರಲೇ ಇಲ್ಲ. ಕಾಲು ಜೋಮು ಹಿಡಿಯಿತು. ಬಗ್ಗಿ ನೋಡಿದರೆ ಭಾವ ಚಕ್ರದ ಪಕ್ಕ, ಸ್ಪ್ಯಾನರ್ ಕೈಯಲ್ಲಿ ಹಿಡಿದೇ ನಿದ್ದೆ ಹೋಗಿದ್ದರು. ಚಹಾ ತಂದ ಅಕ್ಕ ಬಾಗಿಲಲ್ಲೇ ನಿಂತಳು.

"ಎಬ್ಬಿಸಬೇಡ ಕಣೋ. ಐದು ನಿಮಿಷ ಹಾಗೇ ಹಿಡ್ಕೊಂಡಿರು."

"ಕಾಲು ಸತ್ತೋಗಿದೆ ಅಕ್ಕ."

"ಸಾಯ್ಲಿ. ಗುದ್ದಿದ್ದು ಅದೇ ಕಾಲು ತಾನೆ?"

ಬುಧವಾರ ಸಂಜೆ ಗೆರೆಯ ಕೆಲಸ ಶುರುವಾಯಿತು. ಈ ಸಲದ ಬಣ್ಣ ನೇರಳೆ. ಭಾವ ಎಡಗಡೆಯ ಮುಂದಿನ ಚಕ್ರದ ಬಳಿ ಕೂತು ಬ್ರೇಕಿನ ಕೆಳಗಿನ ಬೋಲ್ಟು ಬಿಗಿದು, ಮೇಲಿನದನ್ನು ಕೈಯಿಂದ ತಿರುಗಿಸಿ ಕೂರಿಸುತ್ತಿದ್ದಾಗ ಫೋನು ಬಂತು. ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಒಬ್ಬ ಮುದುಕಿ ಒಳಗೆ ಸಿಕ್ಕಿಹಾಕಿಕೊಂಡಿದ್ದಳು. ಎದ್ದು ಓಡಿದರು. ಒಂದೂವರೆ ಗಂಟೆಯ ಮೇಲೆ ಬಂದವರು ಬಾಟಲಿ ಕೈಗೆತ್ತಿಕೊಂಡು, ಎಲ್ಲಿಗೆ ನಿಲ್ಲಿಸಿದ್ದೆ ಎಂದು ತಮ್ಮನ್ನೇ ಕೇಳಿಕೊಂಡು, ಮುಂದುವರಿಸಿದರು. ನಾನು ಅಲ್ಲೇ ಇದ್ದೆ. ಗಾಜು ಒರೆಸುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಒಬ್ಬನೇ ಶೆಡ್ಡಿಗೆ ಹೋದೆ. ರೇಸಿನ ಟೈರು ಹಾಕುವುದಷ್ಟೇ ಬಾಕಿ. ಎಡಗಡೆಯ ಮುಂದಿನ ಚಕ್ರ ಬಿಚ್ಚಿ ಏಳುವಾಗ ಊರಿಕೊಳ್ಳಲು ಬ್ರೇಕಿನ ಮೇಲೆ ಕೈಯಿಟ್ಟೆ. ಅದು ಅಲುಗಿತು. ಹಿಂದೆ ಕೈ ಹಾಕಿ ಮೇಲಿನ ಬೋಲ್ಟು ಮುಟ್ಟಿದೆ. ಬೆರಳಿಗೇ ತಿರುಗಿತು. ಅದರ ಮೇಲೆ ನೇರಳೆ ಗೆರೆಯಿತ್ತು.

ಸ್ಪ್ಯಾನರ್ ತಂದು ಬಿಗಿದೆ. ಒಂದೂವರೆ ಸುತ್ತು ತಿರುಗಿದ ಮೇಲೆ ಟಕ್ ಎಂದಿತು. ಈಗ ಬೋಲ್ಟಿನ ಮೇಲಿನ ಅರ್ಧ ಗೆರೆ ಒಂದು ಕಡೆ, ಕಬ್ಬಿಣದ ಮೇಲಿನ ಅರ್ಧ ಇನ್ನೊಂದು ಕಡೆ. ಟಕ್ ಎನ್ನುವ ಮೊದಲೇ ಗೆರೆ ಎಳೆದಿದ್ದರು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ.

ಹೇಳಿದರೆ ಭಾವ ಐವತ್ತೇಳನ್ನೂ ಮತ್ತೆ ನೋಡದೆ ಬಿಡುವವರಲ್ಲ. ಅಂದೂ ಶನಿವಾರವೂ ಅವರಿಗೆ ರಾತ್ರಿ ತಡವಾಗುವವರೆಗೆ ಡ್ಯೂಟಿ. ಭಾನುವಾರ ಬೆಳಿಗ್ಗೆ ರೇಸು. ಆರನೆಯದು ಹೋದಂತೆಯೇ. ಅದಕ್ಕಿಂತ ಹೆಚ್ಚಾಗಿ, ತನ್ನ ಕೈಯ ಮೇಲಿನ ನಂಬಿಕೆಯೊಂದನ್ನು ಬಿಟ್ಟರೆ ಬೇರೆ ಜಂಬವಿಲ್ಲದ ಮನುಷ್ಯನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ಅವರನ್ನು ಇಷ್ಟು ದಣಿಸಿದವನಾದರೂ ಯಾರು? ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಥಿನ್ನರಿನಲ್ಲಿ ಗೆರೆ ಒರೆಸಿದೆ. ಬಾಟಲಿ ತೆಗೆದು ನಾನೇ ಒಂದು ಗೆರೆ ಎಳೆದೆ. ಟಾರ್ಚು ಹಿಡಿದು ಉಳಿದ ಗೆರೆಗಳನ್ನೆಲ್ಲ ನೋಡಿದೆ. ಒಂದೂ ತುಂಡಾಗಿರಲಿಲ್ಲ. ಸಮಾಧಾನವಾಯಿತು. ಆ ಸಡಿಲ ಬೋಲ್ಟಿನ ಗೆರೆಯೂ ತುಂಡಾಗಿರಲಿಲ್ಲ ಎಂಬುದು ನನ್ನ ಮಂದಬುದ್ಧಿಗೆ ಆಗ ಹೊಳೆಯಲೇ ಇಲ್ಲ.

ಭಾನುವಾರ ಟ್ರ್ಯಾಕಿನಲ್ಲಿ ಕ್ಲಬ್ಬಿನವರು ಕಾರು ಪರೀಕ್ಷಿಸಿ ಸರಿ ಎಂದರು. ಗೆರೆ ಮೇಷ್ಟ್ರ ಕಾರಿನಲ್ಲಿ ನೋಡುವುದೇನಿದೆ ಎಂದು ನಕ್ಕರು. ಆಮೇಲೆ ಭಾವ ವಾಡಿಕೆಯಂತೆ ತಮ್ಮದೇ ಸುತ್ತು ಹಾಕಿದರು. ಎಡಗಡೆಯ ಮುಂದಿನ ಚಕ್ರದ ಹಿಂದೆ ತಲೆ ತೂರಿಸಿದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಗ್ಲೌಸು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಎದ್ದು ಬಂದು ಮಂಡಿ ಒರೆಸಿಕೊಂಡರು. ಕಂಡಿಲ್ಲ ಎಂದುಕೊಂಡೆ.

ಹೊರಡುವ ಸಾಲಿನಲ್ಲಿ ಕಾರು ನಿಂತಿತು. ಮುಂದೆ ಬೇಕರಿಯವನು, ಹಿಂದೆ ಹಲ್ಲಿನ ಡಾಕ್ಟರು. ಭಾವ ಬಗ್ಗಿ ನನ್ನ ಹೆಗಲ ಮೇಲಿನ ಬೆಲ್ಟುಗಳನ್ನು ಒಂದೊಂದಾಗಿ ಬಿಗಿದರು. ಮುಖ ತೀರಾ ಹತ್ತಿರವಿತ್ತು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಎಷ್ಟು ತಿರುಗ್ತು?" ಎಂದರು.

"ಏನು ಭಾವ?"

"ಮೇಲಿನ ಬೋಲ್ಟು. ನಾನು ಗೆರೆ ಎಳೆಯೋದು ಎಡಗೈಲಿ. ಮೇಲಿಂದ ಕೆಳಕ್ಕೆ. ಅದನ್ನ ಕೆಳಗಿಂದ ಮೇಲಕ್ಕೆ ಎಳೆದಿದೀಯ. ಎಷ್ಟು ತಿರುಗ್ತು, ಹೇಳು."

ಒಂದು ಕೂದಲೆಳೆ ಎನ್ನಬಹುದಿತ್ತು. ನಂಬುತ್ತಿದ್ದರು, ನಂಬುವ ಮನಸ್ಸೂ ಅವರಿಗಿತ್ತು. ಆದರೆ ಆ ಕಣ್ಣು ನೋಡಿ ಸುಳ್ಳು ಬಾಯಿಗೆ ಬರಲಿಲ್ಲ.

"ಒಂದೂವರೆ ಸುತ್ತು."

ಅವರು ನನ್ನ ಎದೆಯ ಮೇಲಿನ ಕೊಂಡಿ ಒತ್ತಿದರು. ಬಿಗಿದ ಬೆಲ್ಟುಗಳೆಲ್ಲ ಒಟ್ಟಿಗೇ ಬಿಚ್ಚಿಕೊಂಡವು.

"ಇಳಿ."

"ಭಾವ, ನಾನು ಬಿಗಿದಿದೀನಿ. ಟಕ್ ಅಂತು. ಅದು ಸರಿ ಇದೆ."

"ಅದು ಸರಿ ಇದೆ. ಮಿಕ್ಕ ಐವತ್ತಾರು?"

"ಆರಕ್ಕೆ ಆರು ಹೋಗುತ್ತೆ ಭಾವ. ಬರೀ ಹೊರಟು ಒಂದು ಸುತ್ತು ಬಂದು ನಿಲ್ಲಿಸ್ತೀನಿ, ಮೆಲ್ಲಗೆ."

"ಇಳಿ ಅಂದೆ."

ಇಬ್ಬರೂ ಕಾರನ್ನು ಹಿಂದಕ್ಕೆ ತಳ್ಳಿದೆವು. ಬಾವುಟ ಹಿಡಿದವನು ಏನಾಯಿತೆಂದು ಕೂಗಿ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಎಲ್ಲರಿಗೂ ಕೇಳುವಂತೆ, "ನನ್ನ ಗೆರೆ ತಪ್ಪಿದೆ" ಎಂದರು. ಯಾರೂ ನಗಲಿಲ್ಲ. ನಮ್ಮ ಬೆನ್ನ ಹಿಂದೆ ಎಲ್ಲ ಕಾರುಗಳೂ ಒಟ್ಟಿಗೆ ಅಬ್ಬರಿಸಿ ಹೊರಟವು.

ಕಾರನ್ನು ಎತ್ತಿ ನಿಲ್ಲಿಸಿ ಚಕ್ರಗಳನ್ನು ಬಿಚ್ಚಿದೆವು. ಹಿಂದಿನ ರೇಸಿನ ಕೆಂಪು ಬಾಟಲಿ ಪೆಟ್ಟಿಗೆಯಲ್ಲಿತ್ತು. ಅದನ್ನು ನನ್ನ ಕೈಗೆ ಕೊಟ್ಟರು.

"ನಾನು ಬಿಗೀತೀನಿ. ಟಕ್ ಅಂದಿದ್ದು ನಿನ್ನ ಕಿವಿಗೆ ಕೇಳಿದ ಮೇಲೆ ನೀನು ಎಳಿ. ಕೇಳದೆ ಎಳೀಬೇಡ, ನಾನು ಹೇಳಿದ್ರೂ ಎಳೀಬೇಡ."

ಟಕ್, ಗೆರೆ. ಟಕ್, ಗೆರೆ. ಇಪ್ಪತ್ತು ಬೋಲ್ಟು ಮುಗಿಯುವಷ್ಟರಲ್ಲಿ ರೇಸು ಮುಗಿದು ಚಪ್ಪಾಳೆ ಕೇಳಿಸಿತು. ಬೇಕರಿಯವನು ಬಂದು ದೂರದಲ್ಲೇ ನಿಂತು ನೋಡಿ ಹೋದ. ನಡುವೆ ಒಮ್ಮೆ ಭಾವ, "ನಿನ್ನ ಗೆರೆ ತುಂಬಾ ದಪ್ಪ ಕಣೋ, ಗೋಡೆಗೆ ಬಣ್ಣ ಹೊಡೆಯೋ ಹಾಗಿದೆ" ಎಂದರು. ಒಂದೊಂದು ಬೋಲ್ಟು ಬಂದಾಗಲೂ ಇದಾದರೂ ತಿರುಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ತಿರುಗಿದರೆ, ಬಿಲ್ಲೆ ಹೋದದ್ದಕ್ಕೆ ಒಂದು ಅರ್ಥವಾದರೂ ಸಿಗುತ್ತಿತ್ತು.

ಒಂದೂ ತಿರುಗಲಿಲ್ಲ. ಐವತ್ತಾರೂ ಸರಿಯಾಗಿದ್ದವು.

ನನಗೆ ಅಳು ಬಂತು, ಜೊತೆಗೆ ಕೋಪವೂ ಬಂತು. "ಸುಮ್ನೆ ಹೋಯ್ತಲ್ಲ ಭಾವ. ಎಲ್ಲಾ ಸರಿಯಾಗೇ ಇತ್ತಲ್ಲ!"

ಅವರು ಟೈರಿಗೆ ಒರಗಿ ಕಾಲು ನೀಡಿ ಕೂತರು.

"ನಿನ್ನನ್ನ ಅದರೊಳಗೆ ಕೂರಿಸಿ ಬೆಲ್ಟ್ ಬಿಗಿಯೋವಾಗ ಅದು ನನಗೆ ಗೊತ್ತಿರಲಿಲ್ವಲ್ಲೋ."

ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ಹಾಕಲು ನೋಡಿದರು. ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ನಾನು ತೆಗೆದುಕೊಂಡು ಮುಚ್ಚಿದೆ. ಬೇಡ ಎನ್ನಲಿಲ್ಲ.