ಕ್ಯಾಚೇ ಕೊಡದ ನಮ್ಮತ್ತೆ

ಕೆಲಸಕ್ಕೆ ಮರಳುತ್ತೀರೋ ಇಲ್ಲವೋ, ಸೋಮವಾರದೊಳಗೆ ಹೇಳಿ ಎಂದಿದ್ದರು ನಮ್ಮ ಮ್ಯಾನೇಜರ್. ಅಂದಿನಿಂದ ನನಗೆ ಒಂದೇ ಕೊರೆತ: ಒಂಬತ್ತು ತಿಂಗಳ ಮಗಳನ್ನು ಅತ್ತೆಯ ಕೈಗೆ ಬಿಟ್ಟು ಹೋಗುವುದು ಹೇಗೆ? ಅವರ ಪ್ರೀತಿಗೇನೂ ಕಡಿಮೆಯಿಲ್ಲ, ಆದರೆ ಹಿಡಿದದ್ದೇ ಹಟ. ನಾನು ಓದಿ ತಿಳಿದದ್ದನ್ನು ಹೇಳಹೊರಟರೆ, "ನಿನ್ನ ಗಂಡ ಬೆಳೀಲಿಲ್ವಾ?" ಎಂದು ಬಾಯಿ ಮುಚ್ಚಿಸುತ್ತಾರೆ. ಬೆಳೆದಿರುವುದನ್ನು ನೋಡಿಯೇ ನನಗೆ ಭಯ!

ಅತ್ತೆ ಮೊನ್ನೆಮೊನ್ನೆಯವರೆಗೂ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು. ನಮ್ಮ ಕಡೆಯ ಹೆಂಗಸರ ಕ್ರಿಕೆಟ್ಟಿನಲ್ಲಿ ಅವರಷ್ಟು ರನ್ ಹೊಡೆದವರು ಇನ್ನೊಬ್ಬರಿಲ್ಲ. ಆಟ ಕಲಿತದ್ದು ಲಾಂಡ್ರಿಯ ಹಿಂದಿನ ಓಣಿಯಲ್ಲಿ. ತಲೆಯ ಮೇಲೆ ಸಾಲುಸಾಲು ಒಣಹಾಕಿದ ಬಿಳಿ ಬಟ್ಟೆ. ಚೆಂಡು ತಾಗಿದರೆ ಔಟು, ಸಾಲದ್ದಕ್ಕೆ ಆ ಬಟ್ಟೆಯನ್ನು ಮತ್ತೆ ಒಗೆಯುವ ಶಿಕ್ಷೆ. ಹಾಗಾಗಿ ಚೆಂಡು ನೆಲ ಬಿಟ್ಟೇಳದಂತೆ ಆಡುವುದು ಕೈಗೆ ಹತ್ತಿಬಿಟ್ಟಿತು. ಮೈದಾನಕ್ಕೆ ಹೋದಮೇಲೂ ಅಷ್ಟೇ. ಹರೆಯದಲ್ಲಿ ಬರೀ ಡ್ರೈವ್. ಮಗ ಹುಟ್ಟಿ ಮೈ ಭಾರವಾದಾಗ, ಬೌಲರಿನ ವೇಗವನ್ನೇ ಬಳಸಿಕೊಂಡು ಚೆಂಡನ್ನು ವಿಕೆಟ್ಟಿನ ಹಿಂದಕ್ಕೆ ಜಾರಿಸುವ ಚಾಲಾಕಿತನ. ಶತಕಗಳು ಬಂದದ್ದು ಆಮೇಲೆಯೇ. ಬೌಲ್ಡ್ ಆಗಿದ್ದಾರೆ, ರನೌಟ್ ಆಗಿದ್ದಾರೆ, ಕ್ಯಾಚ್ ಮಾತ್ರ ಒಮ್ಮೆಯೂ ಕೊಟ್ಟಿರಲಿಲ್ಲ.

ಈಗ ಐವತ್ತೈದು. ಮಂಡಿ ಕೈಕೊಟ್ಟಿದೆ. ಓಡಲಾಗದವರಿಗೆ ನೆಲದ ಮೇಲಿನ ಚೆಂಡು ರನ್ ತರುವುದಿಲ್ಲ. ಇನ್ನು ಇವರ ಆಟ ಮುಗಿಯಿತು ಎಂದುಕೊಂಡಿದ್ದೆ. ಭಾನುವಾರ ಮಗುವನ್ನೆತ್ತಿಕೊಂಡು ಮ್ಯಾಚಿಗೆ ಹೋಗಿ, ಬಿಸಿಲು ಹೆಚ್ಚಾಯಿತೋ, ಟೋಪಿ ಬಿಗಿಯಾಯಿತೋ ಎಂದು ಚಡಪಡಿಸುತ್ತ ಕೂತೆ.

ಬ್ಯಾಟಿಂಗಿಗೆ ಬಂದ ಸ್ವಲ್ಪ ಹೊತ್ತಿಗೇ ಅತ್ತೆ ಕಾಲು ಕದಲಿಸದೆ ಬ್ಯಾಟು ಬೀಸಿದರು. ಚೆಂಡು ಆಕಾಶಕ್ಕೆ! ಹೊರಗೆ ನಿಂತಿದ್ದ ವ್ಯಾನಿನ ಆಚೆ ಹೋಗಿ ಬಿತ್ತು.

"ಏನಕ್ಕಾ, ರೆಕ್ಕೆ ಬಂತಾ?" ಎಂದು ವಿಕೆಟ್ ಕೀಪರ್ ಕೂಗಿದಳು.

"ರೆಕ್ಕೆ ಬಂದಿಲ್ಲಮ್ಮ, ಮಂಡಿ ಹೋಗಿದೆ!"

ಇನ್ನೆರಡು ಸಿಕ್ಸರ್ ಹೋದವು. ಮತ್ತೊಂದು ಹೊಡೆತಕ್ಕೆ, ಬೌಂಡರಿ ಗೆರೆಯ ಬಳಿಯಿದ್ದ ಹುಡುಗಿ ಎರಡೂ ಕೈಯೊಡ್ಡಿ ಚೆಂಡು ಹಿಡಿದುಬಿಟ್ಟಳು. ಅತ್ತೆ ಕೊಟ್ಟ ಮೊದಲ ಕ್ಯಾಚ್! ಹಿಡಿದವಳೇ ಅಳುವ ಹಾಗಿದ್ದಳು. ಅತ್ತೆ ಕುಂಟುತ್ತ ಹೋಗಿ ಅವಳ ಬೆನ್ನಿಗೊಂದು ಗುದ್ದಿ, ನಗುತ್ತ ನಮ್ಮ ಬಳಿ ಬಂದರು.

"ಯಾವಾಗ ಕಲಿತ್ರಿ ಅತ್ತೆ, ಹೀಗೆ ಎತ್ತಿ ಹೊಡೆಯೋದನ್ನ?"

"ಕ್ಯಾಚ್ ಹಿಡಿದಳಲ್ಲ, ಅವಳೇ ಗುರು! ಲಾಂಡ್ರೀಲಿ ನನ್ನ ಜಾಗಕ್ಕೆ ಬಂದವಳು. ಸಂಜೆಸಂಜೆ ಹೋಗಿ ಅವಳ ಹತ್ರ ಬೈಸ್ಕೊಂಡು ಕಲಿತೆ."

"ಇಷ್ಟು ವರ್ಷ ಕಾಪಾಡ್ಕೊಂಡು ಬಂದ ದಾಖಲೆ ಹೋಯ್ತಲ್ಲ, ಬೇಜಾರಿಲ್ವಾ?"

"ಅದನ್ನ ಕಾಪಾಡ್ಕೊಂಡು ಮನೇಲಿ ಕೂತಿರ್ಲಾ? ನನಗೆ ಆಡ್ಬೇಕು ಕಣೇ."

ಮಗುವಿಗೆ ಕೈಚಾಚಿದವರು ತಟ್ಟನೆ ನಿಂತು, ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು. ನಾನು ತಿಂಗಳುಗಟ್ಟಲೆ ಹೇಳಿ ಸೋತಿದ್ದ ಮಾತದು.

"ಏನ್ ಹಾಗೆ ನೋಡ್ತೀಯ? ನೀನು ಹೇಳಿದ್ದು ಕಿವಿಗೆ ಬಿದ್ದಿರುತ್ತೆ. ಕೈಗೆ ಬರೋಕೆ ಸ್ವಲ್ಪ ಟೈಮ್ ಬೇಕು."

ಮಗಳು ಅವರ ಮೂಗು ಹಿಡಿದೆಳೆದು ಕೇಕೆ ಹಾಕಿದಳು. ನಾನು ಮೊಬೈಲ್ ತೆಗೆದು, ಭಾನುವಾರವೆಂದೂ ನೋಡದೆ ಮ್ಯಾನೇಜರಿಗೆ ಫೋನ್ ಮಾಡಿದೆ.

"ಸರ್, ಬರ್ತೀನಿ. ನಾಳೆಯಿಂದಲೇ!"