ಅಕ್ಕತಂಗಿ ಸಿಗುವ ತನಕ

ಬಂಡಳ್ಳಿಯ ಗುರುಸಿದ್ದಮ್ಮನಿಗೂ ಅವಳ ಹಿರಿಯ ಓರಗಿತ್ತಿ ಚಿಕ್ಕಬಸಮ್ಮನಿಗೂ ಮಾತು ನಿಂತದ್ದು ಒಂದು ನುಗ್ಗೆಮರದ ದೆಸೆಯಿಂದ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ನಡುವೆ ಎದ್ದ ಮಣ್ಣಿನ ಗೋಡೆ ಹಿತ್ತಲಿಗೆ ಹೋಗಿ ಆ ಮರಕ್ಕೆ ತಾಗಿತು. ಬುಡ ಇವಳ ಕಡೆ, ಕೊಂಬೆ ಅವಳ ಕಡೆ. ಕಾಯಿ ಯಾರದು ಅಂತ ಶುರುವಾದ ಜಗಳ ತವರಿನವರನ್ನೆಲ್ಲ ಬಯ್ದು ಬಂತು. ಎಂಬತ್ತಾರರ ಮಳೆಗಾಲದಲ್ಲಿ ಮರ ಗಾಳಿಗೆ ಮುರಿದು ಬಿತ್ತು. ಜಗಳ ಮಾತ್ರ ನೆಟ್ಟಗೆ ನಿಂತಿತ್ತು. ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು, ಏನು ಮಾಡುತ್ತೀರಿ?

ಗಂಡಂದಿರು ಒಬ್ಬರ ಹಿಂದೆ ಒಬ್ಬರು ಹೋದರು. ಇಬ್ಬರಿಗೂ ಮಕ್ಕಳಿಲ್ಲ. ಗುರುಸಿದ್ದಮ್ಮ ಅಂಗನವಾಡಿಯಲ್ಲಿ ಆಯಾ. ಹಗಲೆಲ್ಲ ಊರ ಮಕ್ಕಳ ಮೂಗು ಒರೆಸಿ, ಸಂಜೆ ಬೀಗ ತೆಗೆದು ಒಳಗೆ ಬಂದರೆ 'ಬಂದೆಯಾ' ಅನ್ನುವವರಿಲ್ಲ. ಗೋಡೆಯಾಚೆ ಚಿಕ್ಕಬಸಮ್ಮ ಪಾತ್ರೆ ಉಜ್ಜುವುದು, ಕೆಮ್ಮುವುದು, ಕೋಳಿಗಳನ್ನು ಬಯ್ಯುವುದು ಎಲ್ಲ ಕೇಳುತ್ತಿತ್ತು. ಪಕ್ಕದಲ್ಲೇ ಉಸಿರು ಕೇಳಿಸುತ್ತಿದ್ದರೂ ಮಾತಾಡುವಂತಿಲ್ಲ ಅನ್ನುವ ಒಂಟಿತನ ಇದೆಯಲ್ಲ, ಅದು ಕಾಡಿನ ಒಂಟಿತನಕ್ಕಿಂತ ಕೆಟ್ಟದ್ದು.

ತೊಂಬತ್ತೆಂಟರಲ್ಲಿ, ಕೊಳ್ಳೇಗಾಲದಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ ಗುರುಸಿದ್ದಮ್ಮನ ತಮ್ಮ ಶಾಂತರಾಜು ಅಕ್ಕನಿಗೆ ಒಂದು ಹಳೆಯ ಟಿ.ವಿ. ತಂದುಕೊಟ್ಟ. ಊರಿಗೆ ಕೇಬಲ್ಲೂ ಬಂದಿತ್ತು. ಭಾನುವಾರ ಬೆಳಿಗ್ಗೆ ಒಂದು ತಮಿಳು ಚಾನೆಲ್ಲಿನಲ್ಲಿ ಬೊಂಬೆ ಸೀರಿಯಲ್ ಬರುತ್ತಿತ್ತು. ಜಪಾನಿನವರು ಚಿತ್ರ ಬರೆದು ಮಾಡಿದ್ದು, ಮಾತು ಮಾತ್ರ ತಮಿಳು. ಗೋಲಿಯಂಥ ಕಣ್ಣಿನ ಅಕ್ಕತಂಗಿ, ಹಡಗು ಒಡೆದು ದಿಕ್ಕಾಪಾಲಾಗಿದ್ದಾರೆ. ಅಕ್ಕ ಬಿಟ್ಟ ಊರಿಗೆ ತಂಗಿ ಬರುತ್ತಾಳೆ, ತಂಗಿ ಬಿಟ್ಟ ಊರಿಗೆ ಅಕ್ಕ ಬರುತ್ತಾಳೆ. ಮಕ್ಕಳ ಆಟ ಅಂತ ನೋಡಲು ಕೂತ ಗುರುಸಿದ್ದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. ಆದರೆ ಯಳಂದೂರು ಕಡೆಯಿಂದ ಬಂದ ಅವಳಿಗೆ ತಮಿಳಿನ ಒಂದಕ್ಷರ ಗೊತ್ತಿರಲಿಲ್ಲ.

ಚಿಕ್ಕಬಸಮ್ಮನ ತವರು ತಮಿಳುನಾಡಿನ ಗಡಿ ಕಡೆಯ ಹೂಗ್ಯಂ. ಅವಳಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಗೋಡೆಯ ಈಚೆ ಒಬ್ಬಳು ಚಿತ್ರ ನೋಡುತ್ತಿದ್ದಳು, ಆಚೆ ಇನ್ನೊಬ್ಬಳು ಮಾತು ಕೇಳುತ್ತಿದ್ದಳು; ಇಬ್ಬರಿಗೂ ಅರ್ಧರ್ಧ ಕತೆ. ಎಷ್ಟು ವಾರ ತಡೆದಾಳು? ಒಂದು ಭಾನುವಾರ ಚಿಕ್ಕಬಸಮ್ಮ ಕರೆಯದೆಯೇ ಬಂದು ಪಡಸಾಲೆಯ ಕಂಬದ ಪಕ್ಕ ಕೂತಳು. ಗುರುಸಿದ್ದಮ್ಮ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಬಸಮ್ಮ ಕಂಬಕ್ಕೆ ಹೇಳಿದಳು:

"ಕೇಳ್ದಾ ಕಂಬವೇ, ತಂಗಿ ಸತ್ತೋದ್ಲು ಅಂತ ಯಾರೋ ಸುಳ್ ಯೋಳವ್ರ. ಅದ್ಕೆ ಅಕ್ಕ ಅಳ್ತಾವ್ಳ."

ಗುರುಸಿದ್ದಮ್ಮನೂ ಕಂಬವನ್ನೇ ಕೇಳಿದಳು: "ಆ ಮುದ್ಕ ಏನಂದ ಅಂತ ಕೇಳು ಕಂಬವೇ."

ಮಾತು ಬಿಟ್ಟವರಿಗೆ ಕಂಬವೇ ಗತಿ ಅನ್ನುವುದು ನಮ್ಮ ಕಡೆ ಹೊಸದೇನಲ್ಲ. ಹೀಗೆ ಒಂದು ವರ್ಷ ನಡೆಯಿತು. ಭಾನುವಾರದ ಆ ಅರ್ಧ ಗಂಟೆಗಾಗಿ ಗುರುಸಿದ್ದಮ್ಮ ಶನಿವಾರವೇ ಪಡಸಾಲೆ ಸಾರಿಸುತ್ತಿದ್ದಳು. ಕೊನೆಗೊಂದು ವಾರ ಬೊಂಬೆ ಹುಡುಗಿಯರು ಒಂದೇ ಹೊಳೆಯ ಎರಡು ದಡಕ್ಕೆ ಬಂದು ನಿಂತರು. ನಡುವೆ ಮಂಜು. ಚಿಕ್ಕಬಸಮ್ಮ ಕಣ್ಣೊರೆಸಿಕೊಂಡು, "ಕಂಬವೇ, ಇವ್ರಿಬ್ರೂ ಸಿಕ್ಕಿದ್ ದಿನ ನಾನೂ ಮೊಕ ಕೊಟ್ಟು ಮಾತಾಡ್ತೀನಿ ಕಣಾ. ಮಾದಪ್ಪನಾಣೆ" ಅಂದಳು. ಗುರುಸಿದ್ದಮ್ಮ ಅವತ್ತು ಮುದ್ದೆ ಉಣ್ಣುವುದನ್ನೇ ಮರೆತಳು, ಅಷ್ಟು ಸಂತೋಷ.

ಮುಂದಿನ ಭಾನುವಾರ ಆ ಹೊತ್ತಿಗೆ ಯಾವುದೋ ಅಡುಗೆ ಕಾರ್ಯಕ್ರಮ ಬಂತು. ಅದರ ಮುಂದಿನ ವಾರವೂ ಅದೇ. ಗುರುಸಿದ್ದಮ್ಮ ಬಸ್ಸು ಹತ್ತಿ ತಮ್ಮನ ಅಂಗಡಿಗೇ ಹೋದಳು. ಶಾಂತರಾಜು ಕೇಬಲಿನವರನ್ನು ವಿಚಾರಿಸಿ ಬಂದು ಹೇಳಿದ:

"ಅಕ್ಕ, ಮುಂದಿನ್ ಕತೆನ ಜಪಾನಿನೋರು ಇನ್ನೂ ಬರ್ದೇ ಇಲ್ವಂತೆ. ಒಂದೊಂದು ಚಿತ್ರನೂ ಕೈಲೇ ಬರೀಬೇಕಂತೆ. ಬರಿಯೋ ಮೇಷ್ಟ್ರು ಕಾಯ್ಲೆ ಬಿದ್ದವ್ರಂತೆ. ಕಂಪ್ನೀಲೂ ಕಿತ್ತಾಟವಂತೆ."

"ಮುಗ್ಸೋದ್ ಯಾವಾಗಪ್ಪ?"

"ಬರೋ ಯುಗಾದಿಗೆ ಅಂತಾರೆ."

ಯುಗಾದಿ ಬಂತು. ದೀಪಾವಳಿಗೆ ಅಂದರು, ದೀಪಾವಳಿಯೂ ಹೋಯಿತು. ಎಲ್ಲೋ ಜಪಾನಿನಲ್ಲಿ ಕುಂಚ ಒಣಗಿದ್ದಕ್ಕೆ ಬಂಡಳ್ಳಿಯಲ್ಲಿ ಎರಡು ಬಾಯಿ ಕಟ್ಟಿಹೋದವು ಅಂದರೆ ನಂಬುತ್ತೀರಾ? ಚಿಕ್ಕಬಸಮ್ಮ ಇನ್ನೂ ಕೆಲವು ಭಾನುವಾರ ಬಂದು, ಅಡುಗೆ ಕಾರ್ಯಕ್ರಮ ನೋಡಿ, ಕಂಬಕ್ಕೆ ಹೇಳಲು ಏನೂ ಇಲ್ಲದೆ ಎದ್ದು ಹೋದಳು. ಆಮೇಲೆ ಬರುವುದನ್ನೇ ಬಿಟ್ಟಳು. ಗುರುಸಿದ್ದಮ್ಮ ಒಂದು ದಿನ ಅವರೆಕಾಳಿನ ಸಾರು ಹಿಡಿದು ಅವಳ ಹೊಸ್ತಿಲ ತನಕ ಹೋದಳು, ಹಾಗೇ ವಾಪಸ್ಸು ಬಂದಳು. ಮಾದಪ್ಪನ ಆಣೆ ಮುರಿಸಿದ ಪಾಪ ನನಗ್ಯಾಕೆ ಅಂತ ಮನಸ್ಸಿಗೆ ಹೇಳಿಕೊಂಡಳು. ನಿಜ ಹೇಳಬೇಕೆಂದರೆ, ಮೊದಲು ಬಾಯಿ ಬಿಟ್ಟವಳು ಸೋತಂತೆ ಅನ್ನುವ ಹಟ ಅದು.

ಎರಡು ಸಾವಿರದ ಎರಡರಲ್ಲಿ ಚಿಕ್ಕಬಸಮ್ಮನಿಗೆ ಜ್ವರ ಹಿಡಿಯಿತು. ಗುರುಸಿದ್ದಮ್ಮ ಅಂಗನವಾಡಿಗೆ ರಜ ಹಾಕಿ, ಗಂಜಿ ಕುಡಿಸಿ, ಬಟ್ಟೆ ಬದಲಿಸಿದಳು. ಆಗಲೂ ಮಾತಿಲ್ಲ. ಒಂದು ಮಧ್ಯಾಹ್ನ ಚಿಕ್ಕಬಸಮ್ಮ ಗೋಡೆಯ ಕಡೆ ತಿರುಗಿ, "ಬಂತಾ?" ಅಂದಳು.

ಏನು ಬಂತಾ ಅಂತ ಕೇಳಬೇಕಾಗಿರಲಿಲ್ಲ. "ಇನ್ನೂ ಬರ್ದಿಲ್ವಂತೆ" ಅಂತ ಗುರುಸಿದ್ದಮ್ಮನೂ ಗೋಡೆಗೇ ಹೇಳಿದಳು.

ಮಾರನೆಯ ದಿನ ಚಿಕ್ಕಬಸಮ್ಮ ಹೋಗಿಬಿಟ್ಟಳು. 'ಬಂತು ಕಣಕ್ಕ, ಸಿಕ್ಬುಟ್ರು' ಅಂತ ಒಂದು ಸುಳ್ಳು ಹೇಳಿದ್ದರೆ ಇವಳಪ್ಪನ ಮನೆ ಗಂಟೇನು ಹೋಗುತ್ತಿತ್ತು? ಈ ಮಾತನ್ನು ಗುರುಸಿದ್ದಮ್ಮ ತನಗೆ ತಾನೇ ದಿನಾ ಕೇಳಿಕೊಂಡಳು. ಗೋಡೆಯಾಚೆ ಈಗ ಕೆಮ್ಮೂ ಇರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಶಾಂತರಾಜು ಓಡಿಬಂದ. "ಅಕ್ಕ, ಬೊಂಬೆ ಸೀರಿಯಲ್ ಮುಗ್ಸವ್ರೆ! ಇನ್ನು ನಾಕು ವಾರ ಬತ್ತದೆ." ಮೂರು ವಾರ ಗುರುಸಿದ್ದಮ್ಮ ಒಬ್ಬಳೇ ನೋಡಿದಳು. ಬಾಯಿಗಳು ಆಡುತ್ತಿದ್ದವು, ಏನೂ ತಿಳಿಯಲಿಲ್ಲ. ಎದುರುಮನೆ ಪುಟ್ಟಮಾದಪ್ಪನ ಸೊಸೆ ಪದ್ಮಿನಿಗೆ ತಮಿಳು ಬರುತ್ತಿತ್ತು. ಅರ್ಥ ಹೇಳಲೇ ಅಂತ ಅವಳು ಕೇಳಿದ್ದಕ್ಕೆ ಗುರುಸಿದ್ದಮ್ಮ ಬೇಡ ಅಂದಳು.

ಕೊನೆಯ ಕಂತಿನ ಭಾನುವಾರ ಪಿತೃಪಕ್ಷದೊಳಗೆ ಬಿತ್ತು. ಗುರುಸಿದ್ದಮ್ಮ ಅವತ್ತೇ ಓರಗಿತ್ತಿಗೆ ಎಡೆ ಇಡುತ್ತೇನೆ ಅಂದಳು. ಪುಟ್ಟಮಾದಪ್ಪ ರೇಗಿದ. "ಊರೆಲ್ಲ ಅಮಾಸೆಗೆ ಇಡ್ತದ. ಇದ್ಯಾವೂರ ಪದ್ಧತಿಯವ್ವ?"

"ಅಮಾಸೆ ದಿನ ಅವ್ಳಿಗೆ ಬಿಡುವಿಲ್ಲ ಕಣ್ ಮಾವ" ಅಂದಳು.

ಬಾಳೆಲೆಯ ಮೇಲೆ ಮುದ್ದೆ, ಹುರುಳಿ ಸಾರು, ಕಜ್ಜಾಯ ಬಡಿಸಿದಳು. ಪಕ್ಕದಲ್ಲಿ ಒಂದು ಸೀರೆ, ವೀಳ್ಯದೆಲೆ, ಅವಳು ಜಗಿಯುತ್ತಿದ್ದ ಕಡ್ಡಿಪುಡಿ. ಟಿ.ವಿ.ಯನ್ನು ಎಲೆಯ ಎದುರಿಗೆ ತಿರುಗಿಸಿ ಹಾಕಿದಳು. ಸಾಂಬ್ರಾಣಿ ಹೊಗೆಯ ನಡುವೆ ಸೀರಿಯಲ್ಲಿನ ಸಂಗೀತ ಶುರುವಾಯಿತು. ಬದುಕಿರುವವರ ಕಣ್ಣೆದುರು ಸತ್ತವರು ಉಣ್ಣುವುದಿಲ್ಲ. ಎಡೆ ಇಟ್ಟವರು ಬಾಗಿಲು ಮುಚ್ಚಿ ಹೊರಗಿರಬೇಕು. ಐದು ವರ್ಷ ಕಾದ ಗುರುಸಿದ್ದಮ್ಮ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು. ನೋಡಬೇಕೆಂಬ ಆಸೆ ಕಣ್ಣನ್ನು ಟಿ.ವಿ.ಯ ಕಡೆಗೇ ಎಳೆಯುತ್ತಿತ್ತು. ಆಮೇಲೆ ಹೊರಗೆ ಬಂದು ಬಾಗಿಲೆಳೆದುಕೊಂಡು ಜಗಲಿಯ ಮೇಲೆ ಕೂತಳು.

ಒಳಗೆ ಗಾಳಿಯ ಸದ್ದು, ನೀರಿನ ಸದ್ದು, ಏನೇನೋ ಮಾತು. ನಂತರ ಒಂದು ಹೆಣ್ಣುದನಿ ಗಂಟಲು ಹರಿಯುವಂತೆ "ಅಕ್ಕಾ!" ಅಂತ ಕೂಗಿತು. ತಮಿಳಿನಲ್ಲೂ ಅಕ್ಕ ಅಂದರೆ ಅಕ್ಕನೇ. ಗುರುಸಿದ್ದಮ್ಮನ ಕೈ ಸೆರಗನ್ನು ಹಿಂಡಿತು.

ಪಕ್ಕದಲ್ಲಿ ಬಂದು ಕೂತಿದ್ದ ಪದ್ಮಿನಿಗೆ ತಡೆಯಲಾಗಲಿಲ್ಲ. "ಅತ್ತೆ, ಅವ್ರಿಬ್ರೂ..."

"ಯೋಳ್ಬೇಡ ಕಣವ್ವ" ಅಂದಳು ಗುರುಸಿದ್ದಮ್ಮ. "ಅವ್ಳೇ ಯೋಳ್ತಾಳ."

ಒಳಗೆ ಸಾಬೂನಿನ ಜಾಹೀರಾತು ಬಂದು ಹೋಯಿತು, ಇನ್ಯಾವುದೋ ಕಾರ್ಯಕ್ರಮವೂ ಶುರುವಾಯಿತು. ಗುರುಸಿದ್ದಮ್ಮ ಬಾಗಿಲು ತೆಗೆಯಲಿಲ್ಲ.